ಕಾರ್ಮಿಕರನ್ನೇ ಒಡೆಯರನ್ನಾಗಿಸಿದ ಗುರು

1941ರ ಫೆಬ್ರವರಿ 5ರಂದು ಸ್ಪೇನ್ ದೇಶದ ಉತ್ತರ ಭಾಗದಲ್ಲಿ, ಬೆಟ್ಟಗಳ ನಡುವೆ ಇರುವ ಮೊಂಡ್ರಾಗೊನ್ ಎಂಬ ಊರಿಗೆ ಹೊಸ ಸಹಾಯಕ ಗುರುಗಳೊಬ್ಬರು ಬಂದರು. ವಯಸ್ಸು ಇಪ್ಪತ್ತೈದು. ಗುರುದೀಕ್ಷೆ ಪಡೆದು ಕೆಲವೇ ವಾರಗಳಾಗಿದ್ದವು. ಬಾಲ್ಯದಲ್ಲೇ ಎಡಗಣ್ಣು ಕಳೆದುಕೊಂಡವರು. ಪ್ರಬೋಧನೆಗೆ ನಿಂತರೆ ಏರಿಳಿತವಿಲ್ಲದ ದನಿ, ಉದ್ದುದ್ದ ವಾಕ್ಯಗಳು, ಅರ್ಥವಾಗದ ಮಾತುಗಳು. ಭಕ್ತಾದಿಗಳಿಗೆ ನಿರಾಸೆಯಾಯಿತು. ಇಂಥವರಿಂದ ಈ ಊರಿಗೆ ಏನಾದೀತು ಎಂದು ಅವರು ಕೇಳಿಕೊಂಡಿದ್ದರೆ ಅವರನ್ನು ದೂರುವಂತಿಲ್ಲ. ವೇದಿಕೆಯ ಮೇಲೆ ನಿಂತು ಮಾತಿನಲ್ಲಿ ಗೆಲ್ಲುವ ಗುರು ಅವರಾಗಿರಲೇ ಇಲ್ಲ.

ಅವರ ಹೆಸರು ಹೊಸೆ ಮರಿಯಾ ಅರಿಸ್ಮೆಂದಿಯಾರಿಯೆತಾ. ಉಚ್ಚರಿಸಲು ಕಷ್ಟವಾದ ಹೆಸರು. ಅವರ ಊರಿನವರೇ ಅದನ್ನು ಮೊಟಕುಗೊಳಿಸಿ ಡಾನ್ ಹೊಸೆ ಮರಿಯಾ ಎಂದು ಕರೆಯುತ್ತಿದ್ದರು. ನಾವೂ ಹಾಗೆಯೇ ಕರೆಯೋಣ. ಮೊಂಡ್ರಾಗೊನ್ ಸಹಕಾರಿ ಉದ್ಯಮಗಳ ಹೆಸರನ್ನು ಅರ್ಥಶಾಸ್ತ್ರ ಓದಿದ ಯುವಕರು ಕೇಳಿರಬಹುದು. ಅದರ ಬೇರಿನಲ್ಲಿ ಒಬ್ಬ ಕಥೋಲಿಕ ಗುರು ಇದ್ದಾರೆಂಬುದನ್ನು ಎಷ್ಟೋ ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ.

ಅವರು ಹುಟ್ಟಿದ್ದು 1915ರ ಏಪ್ರಿಲ್ 22ರಂದು, ಬಾಸ್ಕ್ ನಾಡಿನ ಮಾರ್ಕಿನಾ ಬಳಿಯ ಬರಿನಾಗಾ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ. ನಾಲ್ಕು ಮಕ್ಕಳಲ್ಲಿ ಹಿರಿಯರು. ಆ ನಾಡಿನ ಪದ್ಧತಿಯಂತೆ ಹೊಲಮನೆ ಹಿರಿಯ ಮಗನಿಗೇ ಸೇರಬೇಕು. ಮೂರನೆಯ ವಯಸ್ಸಿನಲ್ಲಿ ಅಪಘಾತದಿಂದ ಕಣ್ಣು ಹೋಯಿತು. ಹುಡುಗ ಓದಿನಲ್ಲಿ ಮುಂದು. ಹನ್ನೆರಡರ ಹೊತ್ತಿಗೆ ಮನೆಯ ಹಕ್ಕನ್ನು ಬಿಟ್ಟುಕೊಟ್ಟು ಕಿರಿಯ ಸೆಮಿನರಿ ಸೇರಿದರು. ಮುಂದೆ ವಿತೋರಿಯಾ ಪಟ್ಟಣದ ಹಿರಿಯ ಸೆಮಿನರಿಯಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ. ಆ ಸೆಮಿನರಿಯಲ್ಲಿ ಕಾರ್ಮಿಕರ ಸಮಸ್ಯೆಗಳ ಬಗ್ಗೆ, ಪೋಪರ ವಿಶ್ವಪತ್ರಗಳ ಬಗ್ಗೆ ಗಂಭೀರವಾದ ಚರ್ಚೆ ನಡೆಯುತ್ತಿತ್ತು. ಪೋಪ್ ಹದಿಮೂರನೆಯ ಲಿಯೋ 1891ರಲ್ಲಿಯೂ ಪೋಪ್ ಹನ್ನೊಂದನೆಯ ಪಿಯುಸ್ 1931ರಲ್ಲಿಯೂ ದುಡಿಮೆ ಮತ್ತು ಬಂಡವಾಳದ ಕುರಿತು ಬರೆದದ್ದನ್ನು ಈ ಯುವಕ ಪರೀಕ್ಷೆಗಾಗಿ ಮಾತ್ರ ಓದಲಿಲ್ಲ.

1936ರಲ್ಲಿ ಸ್ಪೇನಿನ ಅಂತರ್ಯುದ್ಧ ಶುರುವಾಯಿತು. ಜನರಲ್ ಫ್ರಾಂಕೊ ತನ್ನನ್ನು ಧರ್ಮಸಭೆಯ ರಕ್ಷಕನೆಂದು ಕರೆದುಕೊಂಡ. ಆದರೆ ಬಾಸ್ಕ್ ನಾಡಿನ ಕಥೋಲಿಕರಲ್ಲಿ ಬಹಳಷ್ಟು ಜನ, ಗುರುಗಳೂ ಸೇರಿ, ಅವನ ಎದುರು ಪಕ್ಷದಲ್ಲಿದ್ದರು. ಎರಡೂ ಕಡೆ ಜಪಮಾಲೆ ಹಿಡಿದವರೇ! ಒಂದು ಕಣ್ಣಿನ ಯುವಕನನ್ನು ಯುದ್ಧರಂಗಕ್ಕೆ ಕಳುಹಿಸುವಂತಿರಲಿಲ್ಲ. ಆದ್ದರಿಂದ ಅವರು ಬಾಸ್ಕ್ ಭಾಷೆಯ ಪತ್ರಿಕೆಯೊಂದರಲ್ಲಿ ಕೆಲಸ ಮಾಡಿದರು. 1937ರ ಜೂನ್‌ನಲ್ಲಿ ಬಿಲ್ಬಾವೊ ನಗರ ಫ್ರಾಂಕೊನ ಕೈವಶವಾದಾಗ ಸೆರೆ ಸಿಕ್ಕರು. ಸೇನಾ ನ್ಯಾಯಾಲಯದಲ್ಲಿ ನಿಂತಾಗ ತಾವು ಪತ್ರಕರ್ತರೆಂದು ಹೇಳದೆ ಸೈನಿಕರೆಂದು ಹೇಳಿದ್ದರಿಂದ ಬದುಕಿಕೊಂಡರು. ಜೊತೆಗಿದ್ದವರಲ್ಲಿ ಕೆಲವರಿಗೆ ಗುಂಡಿಕ್ಕಲಾಯಿತು. ಅವರು ಮುಂದೆ ಸೇವೆಗೆ ಹೋದ ಮೊಂಡ್ರಾಗೊನ್ ಊರಿನ ವಿಚಾರಣಾ ಗುರುಗಳನ್ನೂ ಇನ್ನಿಬ್ಬರು ಗುರುಗಳನ್ನೂ 1936ರ ಅಕ್ಟೋಬರ್‌ನಲ್ಲಿ ಫ್ರಾಂಕೊನ ಸೈನಿಕರೇ ಕೊಂದಿದ್ದರು. ಡಾನ್ ಹೊಸೆ ಮರಿಯಾ ಹೆಜ್ಜೆಯಿಟ್ಟ ದೇವಾಲಯ ಹೀಗೆ ಗುರುಗಳ ರಕ್ತ ಕಂಡ ಧರ್ಮಕೇಂದ್ರ.

ಗುರುದೀಕ್ಷೆಯ ನಂತರ ಬೆಲ್ಜಿಯಂ ದೇಶದ ಲೂವೆನ್ ವಿಶ್ವವಿದ್ಯಾಲಯಕ್ಕೆ ಹೋಗಿ ಸಮಾಜಶಾಸ್ತ್ರ ಓದಬೇಕೆಂಬುದು ಅವರ ಆಸೆಯಾಗಿತ್ತು. ಧರ್ಮಾಧ್ಯಕ್ಷರು ಒಪ್ಪದೆ ಮೊಂಡ್ರಾಗೊನ್‌ಗೆ ಕಳುಹಿಸಿದರು. ನಮ್ಮಂಥ ಗುರುಗಳಿಗೆ ಇಂಥ ವರ್ಗಾವಣೆಯ ಪತ್ರದ ರುಚಿ ಗೊತ್ತು. ಅವರು ಗೊಣಗದೆ ಹೋದರು, ಮತ್ತೆ ಆ ಊರು ಬಿಡಲಿಲ್ಲ.

ಆಗ ಆ ಊರಿನಲ್ಲಿ ಎಂಟೊಂಬತ್ತು ಸಾವಿರ ಜನ. ಯುದ್ಧ ಮುಗಿದಿತ್ತಾದರೂ ಹಸಿವು, ನಿರುದ್ಯೋಗ, ಕ್ಷಯರೋಗ ಮುಗಿದಿರಲಿಲ್ಲ. ಒಂದೇ ಬೀದಿಯಲ್ಲಿ ಗೆದ್ದವರೂ ಸೋತವರೂ ವಾಸಿಸಬೇಕು, ಒಂದೇ ಬಲಿಪೂಜೆಗೆ ಬರಬೇಕು. ಊರಿಗೆಲ್ಲ ದೊಡ್ಡದಾದ ಉದ್ಯಮವೆಂದರೆ ಬೀಗ ಮತ್ತು ಲೋಹದ ಸಾಮಾನು ತಯಾರಿಸುವ ಯೂನಿಯನ್ ಸೆರ್ರಾಹೆರಾ ಕಂಪನಿ. ಅದಕ್ಕೊಂದು ತರಬೇತಿ ಶಾಲೆಯೂ ಇತ್ತು. ಆದರೆ ಅಲ್ಲಿ ಪ್ರವೇಶ ಹೆಚ್ಚಾಗಿ ಕಂಪನಿಯ ನೌಕರರ ಗಂಡುಮಕ್ಕಳಿಗೆ. ಉಳಿದ ಹುಡುಗರಿಗೆ ಹದಿನಾಲ್ಕರ ನಂತರ ಓದೇ ಇಲ್ಲ. ಡಾನ್ ಹೊಸೆ ಮರಿಯಾ ಆ ಶಾಲೆಯಲ್ಲಿ ಧರ್ಮೋಪದೇಶದ ಪಾಠ ಮಾಡುತ್ತಿದ್ದರು. ಬಾಗಿಲನ್ನು ಇನ್ನಷ್ಟು ಅಗಲಿಸಿ, ಊರಿನ ಎಲ್ಲ ಮಕ್ಕಳಿಗೂ ತೆರೆಯಿರಿ ಎಂದು ಕಂಪನಿಯನ್ನು ಬೇಡಿಕೊಂಡರು. ಕಂಪನಿ ಒಪ್ಪಲಿಲ್ಲ.

ಅವರು ಜಗಳಕ್ಕೆ ನಿಲ್ಲಲಿಲ್ಲ. ಊರಿನ ಯುವಕರನ್ನು ಕಥೋಲಿಕ ಕ್ರಿಯಾ ಸಂಘದಲ್ಲಿ ಸೇರಿಸಿದ್ದರು; ಅವರಿಗಾಗಿ ಫುಟ್ಬಾಲ್ ಮೈದಾನ ಮಾಡಿಸಿದ್ದರು. ಆಟದ ಟಿಕೆಟ್, ಲಾಟರಿ, ಮೆರವಣಿಗೆ ಎಂದು ಹಣ ಕೂಡಿಸುತ್ತಿದ್ದರು. ಈಗ ಶಾಲೆಗಾಗಿ ಬೀದಿಯ ಮೂಲೆಗಳಲ್ಲಿ ಪೆಟ್ಟಿಗೆಗಳನ್ನು ಇಟ್ಟರು. ಶಾಲೆ ಬೇಕೆನ್ನುವವರು ತಮ್ಮ ಹೆಸರನ್ನೂ, ಎಷ್ಟು ಹಣ ಅಥವಾ ಎಷ್ಟು ದುಡಿಮೆ ಕೊಡಬಲ್ಲೆವೆಂಬುದನ್ನೂ ಬರೆದು ಹಾಕಬೇಕು. ಸುಮಾರು ಆರುನೂರು ಚೀಟಿಗಳು ಬಂದವು. ಮತದಾನವೆಂಬುದನ್ನೇ ಸರ್ವಾಧಿಕಾರಿ ಅಳಿಸಿಹಾಕಿದ್ದ ದೇಶದಲ್ಲಿ ಜನ ಪೆಟ್ಟಿಗೆಗೆ ಚೀಟಿ ಹಾಕಿದರು! ಆ ಪೆಟ್ಟಿಗೆಗಳಲ್ಲಿ ಶಾಲೆಗಿಂತ ದೊಡ್ಡದೊಂದು ಅಡಗಿತ್ತೆಂದು ನನಗೆ ಅನ್ನಿಸುತ್ತದೆ. ಚಂದಾ ಕೊಟ್ಟವರೇ ಶಾಲೆಯ ಆಡಳಿತವನ್ನೂ ಆರಿಸಬೇಕೆಂದು ಗುರುಗಳು ನಿಯಮ ಮಾಡಿದರು. 1943ರ ಅಕ್ಟೋಬರ್‌ನಲ್ಲಿ ಇಪ್ಪತ್ತು ಹುಡುಗರಿಂದ ಶಾಲೆ ಆರಂಭವಾಯಿತು.

ಮುಂದಿನ ಹನ್ನೆರಡು ವರ್ಷಗಳ ಕತೆಯಲ್ಲಿ ಬೆರಗುಗೊಳಿಸುವ ಘಟನೆಗಳಿಲ್ಲ. ಗುರುಗಳು ಸೈಕಲ್ ಮೇಲೆ ಓಡಾಡುತ್ತಿದ್ದರು, ರೋಗಿಗಳನ್ನು ನೋಡುತ್ತಿದ್ದರು, ಸಂಜೆ ಯುವಕರನ್ನು ಕೂಡಿಸಿ ಅಧ್ಯಯನ ಕೂಟ ನಡೆಸುತ್ತಿದ್ದರು. ಹೀಗೆ ನಡೆದ ಕೂಟಗಳು ಎರಡು ಸಾವಿರಕ್ಕೂ ಹೆಚ್ಚು ಎಂದು ಅವರ ಶಿಷ್ಯರು ಮುಂದೆ ಲೆಕ್ಕ ಹಾಕಿದ್ದಾರೆ. ಫ್ರೆಂಚ್ ಕಥೋಲಿಕ ಚಿಂತಕರಾದ ಮಾರಿತೇನ್ ಮತ್ತು ಮೂನಿಯೆ ಅವರ ಬರಹಗಳನ್ನು ಗುರುಗಳು ಆಳವಾಗಿ ಓದಿಕೊಂಡಿದ್ದರು. ಮನುಷ್ಯ ಯಂತ್ರದ ಭಾಗವಲ್ಲ, ದೇವರ ಪ್ರತಿರೂಪವಾದ ವ್ಯಕ್ತಿ. ಅವನು ಬೆಳೆಯುವುದು ಇತರರೊಂದಿಗೆ ಸೇರಿ ಹೊಣೆ ಹೊತ್ತಾಗಲೇ. ಈ ವಿಚಾರವನ್ನು ವಿದ್ವತ್ ಭಾಷೆಯಲ್ಲಿ ಹೇಳುವುದು ಸುಲಭ. ಎಣ್ಣೆ ಮೆತ್ತಿದ ಕೈಗಳ ಹುಡುಗರಿಗೆ ಹೇಳುವುದು ಸುಲಭವಲ್ಲ. ವೇದಿಕೆಯ ಮೇಲೆ ಸೋತವರು ಹತ್ತು ಜನರ ಕೂಟದಲ್ಲಿ, ಪ್ರಶ್ನೆ ಕೇಳುತ್ತಾ ಕೇಳಿಸುತ್ತಾ, ಬೇರೆಯೇ ಆಗಿಬಿಡುತ್ತಿದ್ದರು.

ಮೊದಲ ತಂಡದ ಹುಡುಗರಲ್ಲಿ ಹನ್ನೊಂದು ಜನ ಕಾರ್ಖಾನೆಯಲ್ಲಿ ದುಡಿಯುತ್ತಲೇ ಸರಗೋಸಾದ ವಿದ್ಯಾಸಂಸ್ಥೆಯ ಮೂಲಕ ಓದಿ 1952ರಲ್ಲಿ ಎಂಜಿನಿಯರಿಂಗ್ ಅರ್ಹತೆ ಪಡೆದರು. ಕಾರ್ಮಿಕರ ಮಕ್ಕಳು ಈಗ ಮೇಲ್ವಿಚಾರಕರಾಗಬಹುದಿತ್ತು. ಆದರೆ ಕೂಟದಲ್ಲಿ ಕಲಿತದ್ದು ಅವರನ್ನು ಸುಮ್ಮನೆ ಬಿಡಲಿಲ್ಲ. ಕಂಪನಿ ಹೊಸ ಷೇರುಗಳನ್ನು ಹೊರತಂದಾಗ ಕಾರ್ಮಿಕರಿಗೂ ಪಾಲುಗಾರಿಕೆ ಕೊಡಿ ಎಂದು ಕೇಳಿದರು. ಮತ್ತೆ ನಿರಾಕರಣೆ. ಇಲ್ಲಿ ಒಂದು ಮಾತು. ಆ ಕಂಪನಿಯ ಒಡೆಯರು ದುಷ್ಟರೆಂದು ತಿಳಿಯಬಾರದು. ತರಬೇತಿ ಶಾಲೆ ನಡೆಸಿದವರು, ದಾನಧರ್ಮ ಮಾಡಿದವರು, ಭಾನುವಾರ ದೇವಾಲಯದಲ್ಲಿ ಮೊಣಕಾಲೂರುತ್ತಿದ್ದವರು. ಕಾರ್ಮಿಕನಿಗೆ ಒಳ್ಳೆಯದನ್ನು ಕೊಡಲು ಅವರು ಸಿದ್ಧ. ಅವನ ಮಾತಿಗೆ ಮತದ ಬೆಲೆ ಕೊಡಲು ಸಿದ್ಧರಿರಲಿಲ್ಲ. ತಂದೆಯಂತೆ ನೋಡಿಕೊಳ್ಳುತ್ತೇವೆ ಎನ್ನುವ ಒಡೆಯ ಕಾರ್ಮಿಕನನ್ನು ಎಂದೆಂದಿಗೂ ಮಗುವಾಗಿಯೇ ಇರಿಸುತ್ತಾನೆ ಎಂಬುದು ಡಾನ್ ಹೊಸೆ ಮರಿಯಾ ಅವರ ಆಕ್ಷೇಪ.

ಆಗ ಐದು ಮಂದಿ ಕೆಲಸ ಬಿಟ್ಟು ಹೊರಬಂದರು: ಉಸತೋರ್ರೆ, ಲರ್ರನ್ಯಾಗಾ, ಗೊರ್ರೊನ್ಯೊಗೊಯಿತಿಯಾ, ಒರ್ಮೆಚೆಯಾ, ಒರ್ತುಬಾಯ್. ಕೈಯಲ್ಲಿ ಹಣವಿಲ್ಲ, ಕಂಪನಿಗೆ ಇನ್ನೂ ರೂಪವಿಲ್ಲ, ಏನು ತಯಾರಿಸಬೇಕೆಂಬುದೂ ಖಚಿತವಿಲ್ಲ. ಆದರೂ ಊರಿನ ಸುಮಾರು ನೂರು ಜನ ಅವರ ಮಾತು ನಂಬಿ ಉಳಿತಾಯವನ್ನು ಸಾಲವಾಗಿ ಕೊಟ್ಟರು. ಹನ್ನೆರಡು ವರ್ಷಗಳ ಫುಟ್ಬಾಲು, ಲಾಟರಿ, ಶಾಲೆ, ಸಂಜೆಯ ಕೂಟ ಇವೆಲ್ಲ ಏನನ್ನು ಕೂಡಿಟ್ಟಿದ್ದವು ಎಂಬುದು ಆಗ ತಿಳಿಯಿತು. ಹೊಸ ಕಾರ್ಖಾನೆಗೆ ಸರ್ಕಾರದ ಪರವಾನಗಿ ಸಿಗುವುದು ಕಷ್ಟವಾದ್ದರಿಂದ 1955ರಲ್ಲಿ ವಿತೋರಿಯಾದ ಒಂದು ಸಣ್ಣ ಉದ್ಯಮವನ್ನೇ ಪರವಾನಗಿ ಸಮೇತ ಕೊಂಡರು. 1956ರಲ್ಲಿ ಮೊಂಡ್ರಾಗೊನ್‌ನಲ್ಲಿ ಸ್ವಂತ ಕಟ್ಟಡದ ಅಡಿಗಲ್ಲಿಗೆ ಗುರುಗಳು ಆಶೀರ್ವಾದ ನೀಡಿದರು. ಐವರ ಹೆಸರಿನ ಅಕ್ಷರಗಳನ್ನು ಸೇರಿಸಿ ಉಲ್ಗೋರ್ ಎಂದು ಹೆಸರಿಟ್ಟರು. ಸೀಮೆಎಣ್ಣೆಯ ಒಲೆಗಳಿಂದ ಕೆಲಸ ಶುರುವಾಯಿತು.

ಕಾರ್ಖಾನೆ ನಡೆಯಿತು, ಕಾನೂನು ಸಿಗಲಿಲ್ಲ. ದುಡಿಯುವವರೇ ಒಡೆಯರಾದ ಉದ್ಯಮಕ್ಕೆ ಯಾವ ಕಾಯಿದೆಯ ಅಂಗಿ ತೊಡಿಸುವುದು? ಗುರುಗಳು ಮ್ಯಾಡ್ರಿಡ್‌ನ ಕಚೇರಿಗಳಿಗೆ ಅಲೆದರು, ವಕೀಲರನ್ನು ಕಂಡರು, ಕಾನೂನು ಪುಸ್ತಕ ಓದಿದರು. ಕೊನೆಗೆ ಸಹಕಾರ ಸಂಘದ ಕಾಯಿದೆಯಲ್ಲಿ ದಾರಿ ಕಂಡು, 1959ರಲ್ಲಿ ನಿಯಮಾವಳಿಗೆ ಅನುಮೋದನೆ ಸಿಕ್ಕಿತು.

ಆ ನಿಯಮಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಸಂತರ ಚರಿತ್ರೆಗಳಲ್ಲಿ ಲೆಕ್ಕಪುಸ್ತಕ ಕಾಣಸಿಗುವುದು ಅಪರೂಪ. ನಮ್ಮ ಹಾಲಿನ ಸಂಘದಲ್ಲಿ ಹಸುವಿರುವವರು ಸದಸ್ಯರು. ಅಲ್ಲಿ ದುಡಿಯುವ ಕೈಗಳೇ ಸದಸ್ಯತ್ವ. ಹೊಸಬರು ಒಂದು ಮೊತ್ತವನ್ನು ಬಂಡವಾಳವಾಗಿ ಹೂಡಬೇಕು, ಇಲ್ಲದವರು ಸಂಬಳದಲ್ಲಿ ಕಂತಿನಂತೆ ತೀರಿಸಬಹುದು. ಹೂಡಿದ್ದು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಎಂಜಿನಿಯರನಿಗೂ ನೆಲ ಗುಡಿಸುವವನಿಗೂ ಒಂದೇ. ಸದಸ್ಯರ ಮಹಾಸಭೆ ಆಡಳಿತ ಮಂಡಳಿಯನ್ನು ಆರಿಸುತ್ತದೆ. ಮಂಡಳಿ ವ್ಯವಸ್ಥಾಪಕನನ್ನು ನೇಮಿಸುತ್ತದೆ, ಬೇಡವಾದರೆ ತೆಗೆಯುತ್ತದೆ. ಅತಿ ಹೆಚ್ಚಿನ ಸಂಬಳ ಅತಿ ಕಡಿಮೆ ಸಂಬಳದ ಮೂರು ಪಟ್ಟು ಮೀರಬಾರದು. ಲಾಭದಲ್ಲಿ ಒಂದು ಭಾಗ ಊರಿನ ವಿದ್ಯಾಭ್ಯಾಸ ಮುಂತಾದ ಹಿತಕ್ಕೆ, ಒಂದು ಭಾಗ ಸಂಘದ ಆಪದ್ಧನಕ್ಕೆ. ಉಳಿದದ್ದು ಸದಸ್ಯರ ಹೆಸರಿನ ಖಾತೆಗೆ. ಆದರೆ ಆ ಖಾತೆಯ ಹಣವನ್ನು ನಿವೃತ್ತಿಯವರೆಗೆ ತೆಗೆಯುವಂತಿಲ್ಲ. ಅದು ಹೊಸ ಯಂತ್ರಗಳಾಗಿ, ಹೊಸ ಉದ್ಯೋಗಗಳಾಗಿ ಊರಿನಲ್ಲೇ ಉಳಿಯಬೇಕು. ಹಂಚಿ ತಿನ್ನುವುದು ಸಹಕಾರವಲ್ಲ, ಮುಂದೆ ಬರುವವನಿಗೂ ಕುರ್ಚಿ ಹಾಕಿಡುವುದು ಸಹಕಾರ ಎಂಬುದು ಇದರ ಹಿಂದಿನ ಧೋರಣೆ. 1961ರಲ್ಲಿ ಪೋಪ್ ಇಪ್ಪತ್ಮೂರನೆಯ ಯೊವಾನ್ನರು ತಮ್ಮ ವಿಶ್ವಪತ್ರದಲ್ಲಿ ಸಹಕಾರಿ ಉದ್ಯಮಗಳಿಗೆ ಬೆಂಬಲ ಸೂಚಿಸುವ ಹೊತ್ತಿಗೆ ಇಲ್ಲಿ ಒಲೆಗಳು ಮಾರಾಟವಾಗುತ್ತಿದ್ದವು.

ಇನ್ನು ಬ್ಯಾಂಕಿನ ವಿಷಯ. ಹೊಸ ಸಂಘಗಳು ಹುಟ್ಟುತ್ತಿದ್ದವು, ಬಂಡವಾಳಕ್ಕೆ ಮಾತ್ರ ಹೊರಗಿನವರ ಕೈ ನೋಡಬೇಕು. ನಮ್ಮದೇ ಬ್ಯಾಂಕು ಬೇಕು ಎಂದು ಗುರುಗಳು ಹೇಳಿದಾಗ ಆ ಐವರಿಗೆ ನಗು ಬಂತು. ಕಾರ್ಖಾನೆ ನಡೆಸುವುದೇ ಸಾಕಾಗಿದೆ, ಬ್ಯಾಂಕು ನಡೆಸಲು ನಮಗೇನು ಗೊತ್ತು ಎಂದರು. ಮುಂದೆ ನಡೆದದ್ದನ್ನು ಮುಚ್ಚಿಡಬಾರದು. ನಡೆಯದ ಸಭೆಯೊಂದರ ವರದಿಯನ್ನು ಗುರುಗಳು ತಾವೇ ಸಿದ್ಧಪಡಿಸಿ, ಇಬ್ಬರು ಶಿಷ್ಯರ ಸಹಿಗಳನ್ನು ಅವರಿಗೆ ತಿಳಿಯದಂತೆ ತಾವೇ ಹಾಕಿ ಅರ್ಜಿಯನ್ನು ಸರ್ಕಾರಕ್ಕೆ ಕಳುಹಿಸಿದರು! 1959ರಲ್ಲಿ ಕಾಹಾ ಲಬೋರಾಲ್ ಎಂಬ ಜನರ ಬ್ಯಾಂಕು ಹುಟ್ಟಿದ್ದು ಹೀಗೆ. ಆ ಶಿಷ್ಯರು ಮುಂದೆ ಇದನ್ನು ನಗುತ್ತಾ ನೆನೆದರು. ಆದರೆ ನೀತಿಶಾಸ್ತ್ರ ಕಲಿತ ನನಗೆ ಅಷ್ಟು ಸುಲಭವಾಗಿ ನಗು ಬರುವುದಿಲ್ಲ. ಗುರಿ ಒಳ್ಳೆಯದೆಂಬ ಕಾರಣಕ್ಕೆ ದಾರಿ ಶುದ್ಧವಾಗದು ಎಂದು ಸೆಮಿನರಿಯಲ್ಲಿ ಅವರಿಗೂ ಕಲಿಸಿದ್ದರು, ನಮಗೂ ಕಲಿಸಿದ್ದಾರೆ. ಅದಕ್ಕಿಂತ ದೊಡ್ಡ ಚೋದ್ಯವೆಂದರೆ, ಒಬ್ಬರಿಗೆ ಒಂದು ಮತವೆಂದು ಜೀವಮಾನವೆಲ್ಲ ಬೋಧಿಸಿದವರು ಈ ಒಂದು ವಿಷಯದಲ್ಲಿ ಯಾರ ಮತವನ್ನೂ ಕೇಳಲಿಲ್ಲ. ಆ ಬ್ಯಾಂಕು ಇಲ್ಲದಿದ್ದರೆ ಉಳಿದ ಸಂಘಗಳು ಹುಟ್ಟುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಅದೇ ವರ್ಷ ಇನ್ನೊಂದು ಪೆಟ್ಟು: ನೀವು ಒಡೆಯರು, ನೌಕರರಲ್ಲ ಎಂದು ಸರ್ಕಾರ ಸದಸ್ಯರನ್ನು ವಿಮೆ ಮತ್ತು ಪಿಂಚಣಿಯಿಂದ ಹೊರಗಿಟ್ಟಿತು. ಅವರು ಲಗುನ್ ಆರೋ ಎಂಬ ತಮ್ಮದೇ ಆರೋಗ್ಯ ಮತ್ತು ಪಿಂಚಣಿ ನಿಧಿಯನ್ನು ಕಟ್ಟಿಕೊಂಡರು.

ಬ್ಯಾಂಕು ಬಂದ ಮೇಲೆ ಬೆಳವಣಿಗೆ ಬಿರುಸಾಯಿತು. 1966ರಲ್ಲಿ ವಿದ್ಯಾರ್ಥಿಗಳು ಅರ್ಧ ದಿನ ಓದಿ ಅರ್ಧ ದಿನ ದುಡಿಯುವ ಅಲೆಕೋಪ್ ಎಂಬ ಕಾರ್ಖಾನೆ. ಫೀಸು ಕಟ್ಟಲಾಗದ ಮಕ್ಕಳು ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ. 1969ರಲ್ಲಿ ಎರೋಸ್ಕಿ ಎಂಬ ಗ್ರಾಹಕರ ಸಹಕಾರಿ ಅಂಗಡಿಗಳು. 1974ರಲ್ಲಿ ಇಕೆರ್ಲಾನ್ ಎಂಬ ಸಂಶೋಧನಾ ಕೇಂದ್ರ. ನಮ್ಮ ಮನೆಗಳ ತಾಯಂದಿರು ಗಮನಿಸಬೇಕಾದದ್ದು ಇನ್ನೊಂದಿದೆ. ಮದುವೆಯಾದ ಹೆಣ್ಣು ಕಾರ್ಖಾನೆಯ ಕೆಲಸ ಬಿಡಬೇಕೆಂಬುದು ಆ ಕಾಲದ ಸ್ಪೇನಿನ ರೂಢಿ. ಡಾನ್ ಹೊಸೆ ಮರಿಯಾ ಇದನ್ನು ಪ್ರಶ್ನಿಸಿದರು. ಅವರ ಬೆಂಬಲದಿಂದ 1969ರಲ್ಲಿ ವಿವಾಹಿತ ಸ್ತ್ರೀಯರೇ ಸೇರಿ ಔಸೊ ಲಗುನ್ ಎಂಬ ಸಂಘ ಕಟ್ಟಿದರು. ಕಾರ್ಖಾನೆಗಳಿಗೆ ಊಟ, ಶುಚಿತ್ವ ಮುಂತಾದ ಸೇವೆ. ಮನೆಯ ಹೊಣೆಗೆ ಹೊಂದುವ ಕೆಲಸದ ವೇಳೆ. ಮನೆಯ ದುಡ್ಡಿನಲ್ಲಿ ಅವರದೂ ಪಾಲು, ಸಭೆಯಲ್ಲಿ ಅವರದೂ ಮತ.

ಇಷ್ಟೆಲ್ಲ ನಡೆಯುವಾಗ ಗುರುಗಳಿಗೆ ಯಾವ ಅಧಿಕಾರವಿತ್ತು? ಯಾವುದೂ ಇಲ್ಲ. ಅವರು ಯಾವ ಸಂಘದ ಅಧ್ಯಕ್ಷರೂ ಆಗಲಿಲ್ಲ, ಸಂಘಗಳಿಂದ ಸಂಬಳವನ್ನೂ ಪಡೆಯಲಿಲ್ಲ. ಬೆಳಗಿನ ಬಲಿಪೂಜೆ, ಪಾಪನಿವೇದನೆ, ಶಾಲೆ, ಆಮೇಲೆ ಬರವಣಿಗೆ. 1960ರಿಂದ ಸದಸ್ಯರಿಗಾಗಿ ಹೊರಡುತ್ತಿದ್ದ ಪತ್ರಿಕೆಗೆ ಸಣ್ಣ ಸಣ್ಣ ಚಿಂತನೆಗಳನ್ನು ಬರೆದರು. ಸೈಕಲ್ ಹೋಗಿ ಮುಂದೆ ಒಂದು ಪುಟ್ಟ ಮೋಟಾರು ಸೈಕಲ್ ಬಂತು, ಅಷ್ಟೇ. ಫ್ರಾಂಕೊನ ಸರ್ಕಾರವೇ ಅವರಿಗೆ ದುಡಿಮೆಯ ಚಿನ್ನದ ಪದಕ ಕೊಟ್ಟಿತು, ಸೆರೆಮನೆಯಲ್ಲಿಟ್ಟಿದ್ದ ಸರ್ಕಾರವೇ! ಇನ್ನೊಂದು ಕಡೆ ಅವರನ್ನು ಕೆಂಪು ಗುರು ಎಂದು ಅನುಮಾನಿಸುವವರಿದ್ದರು. ಎಡಪಂಥೀಯರು, ಇವರು ಕಾರ್ಮಿಕರನ್ನು ಸಣ್ಣ ಒಡೆಯರನ್ನಾಗಿಸಿ ಹೋರಾಟದ ಬಿಸಿ ಆರಿಸುತ್ತಿದ್ದಾರೆ ಎಂದರು.

ಈ ಎರಡನೆಯ ಟೀಕೆ ಒಂದು ದಿನ ಮನೆಯೊಳಗೇ ಬಂತು. ಉಲ್ಗೋರ್ ಬೆಳೆದು ಮೂರು ಸಾವಿರಕ್ಕೂ ಹೆಚ್ಚು ಜನರ ಕಾರ್ಖಾನೆಯಾಗಿತ್ತು. 1974ರಲ್ಲಿ ಕೆಲಸಗಳ ದರ್ಜೆಯನ್ನು ಮತ್ತೆ ಅಳೆದು ಸಂಬಳ ನಿಗದಿಪಡಿಸಿದ್ದಕ್ಕೆ ಅಸಮಾಧಾನ ಹುಟ್ಟಿ ಸುಮಾರು ನಾನೂರು ಜನ ಮುಷ್ಕರ ಹೂಡಿದರು. ಒಡೆಯನ ವಿರುದ್ಧ ಮುಷ್ಕರ ಮಾಡಬಹುದು. ತಾನೇ ಒಡೆಯನಾದವನು ಯಾರ ವಿರುದ್ಧ ಮಾಡುತ್ತಾನೆ? ಆಡಳಿತ ಮಂಡಳಿ ಹದಿನೇಳು ಮಂದಿಯನ್ನು ಹೊರಹಾಕಿತು. ಮಹಾಸಭೆಯ ಬಹುಮತ ಅದನ್ನು ಎತ್ತಿಹಿಡಿಯಿತು. ಊರು ಎರಡಾಯಿತು, ಒಂದೇ ಮನೆಯ ಅಣ್ಣತಮ್ಮಂದಿರು ಮಾತು ಬಿಟ್ಟರು. ಸಾವಿರಾರು ಜನರ ಸಭೆಯಲ್ಲಿ ಕೈಯೆತ್ತುವುದಷ್ಟೇ ಪ್ರಜಾಪ್ರಭುತ್ವವಾದರೆ, ಯಂತ್ರದ ಮುಂದೆ ನಿಂತವನ ಅಳಲು ಮೇಲಿನವರಿಗೆ ಕೇಳಿಸದೆ ಹೋಗಬಹುದು ಎಂಬುದು ಆಗ ಎಲ್ಲರಿಗೂ ತಿಳಿಯಿತು. ಆ ಹೊತ್ತಿಗೆ ಡಾನ್ ಹೊಸೆ ಮರಿಯಾ ಅವರ ಹೃದಯ ದುರ್ಬಲವಾಗಿತ್ತು, 1968ರಲ್ಲೇ ಶಸ್ತ್ರಚಿಕಿತ್ಸೆಯಾಗಿತ್ತು. ಹೊರಹಾಕಿದವರನ್ನು ಮತ್ತೆ ಸೇರಿಸಿಕೊಳ್ಳಲು ಸಭೆ ಒಪ್ಪಿದ್ದು 1978ರಲ್ಲಿ. ಅದನ್ನು ನೋಡಲು ಅವರು ಇರಲಿಲ್ಲ.

1976ರ ನವೆಂಬರ್ 29ರಂದು, ಅರವತ್ತೊಂದನೆಯ ವಯಸ್ಸಿನಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಆಗ ಈ ಸಂಘಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಮೂವತ್ತೈದು ವರ್ಷ ಅದೇ ಊರಿನಲ್ಲಿ, ಸಹಾಯಕ ಗುರುವಾಗಿಯೇ ಸೇವೆ ಸಲ್ಲಿಸಿದ್ದರು. ದುಡಿಮೆ ಬಂಡವಾಳಕ್ಕಿಂತ ಮಿಗಿಲಾದುದೆಂದು ಪೋಪ್ ಎರಡನೆಯ ಜಾನ್ ಪಾಲ್ ವಿಶ್ವಪತ್ರ ಬರೆದದ್ದು ಐದು ವರ್ಷಗಳ ನಂತರ, 1981ರಲ್ಲಿ.

ಅವರು ನೆಟ್ಟ ಮರಕ್ಕೆ ಬಿರುಗಾಳಿ ತಟ್ಟಿಲ್ಲವೆಂದಲ್ಲ. ಉಲ್ಗೋರ್‌ನಿಂದ ಬೆಳೆದ ಫಾಗೋರ್ ಎಂಬ ಗೃಹೋಪಯೋಗಿ ಉಪಕರಣಗಳ ಸಂಸ್ಥೆ 2013ರಲ್ಲಿ ದಿವಾಳಿಯಾಯಿತು. ಸೋದರ ಸಂಘಗಳು ಅದಕ್ಕೆ ಎಷ್ಟೋ ಹಣ ಕೊಟ್ಟಿದ್ದವು. ಇನ್ನು ಕೊಡಲಾಗದೆಂದು ಕಡೆಗೆ ನಿರ್ಧರಿಸಿದವು. ಸದಸ್ಯರಲ್ಲಿ ಬಹುಪಾಲು ಜನರಿಗೆ ಬೇರೆ ಸಂಘಗಳಲ್ಲಿ ಕೆಲಸವೋ ಬೇಗನೆ ನಿವೃತ್ತಿಯೋ ಸಿಕ್ಕಿತು. ಆದರೆ ವಿದೇಶಗಳಲ್ಲಿದ್ದ ಅದರ ಕಾರ್ಖಾನೆಗಳ ನೌಕರರು ಸದಸ್ಯರಾಗಿರಲಿಲ್ಲ. ಅವರಿಗೆ ಆ ರಕ್ಷಣೆ ಇರಲಿಲ್ಲ, ಮತವೂ ಇರಲಿಲ್ಲ. ಮೂರು ಪಟ್ಟಿದ್ದ ಸಂಬಳದ ಅಂತರವೂ ಕಾಲಕ್ರಮೇಣ ಬಹುಪಾಲು ಕಡೆ ಆರು ಪಟ್ಟಿನ ಆಸುಪಾಸಿಗೆ ಏರಿದೆ. ಇಂದು ಸುಮಾರು 80 ಸಹಕಾರಿ ಸಂಘಗಳು, ಸುಮಾರು 70,000 ಜನ ದುಡಿಯುವವರು. ಸದಸ್ಯರಲ್ಲದವರ ಪ್ರಶ್ನೆ ಅಲ್ಲಿನ ಸಭೆಗಳಲ್ಲಿ ಇನ್ನೂ ಬಗೆಹರಿದಿಲ್ಲ.

2015ರ ಡಿಸೆಂಬರ್ 14ರಂದು ಅಂದಿನ ಪೋಪ್ ಫ್ರಾನ್ಸಿಸ್ ಅವರು ಡಾನ್ ಹೊಸೆ ಮರಿಯಾ ಅವರ ವೀರೋಚಿತ ಸದ್ಗುಣಗಳನ್ನು ಮಾನ್ಯಮಾಡಿ ಅವರಿಗೆ ಪೂಜ್ಯರೆಂಬ ಪದವಿ ನೀಡಿದರು. ಆ ಎರಡು ಸಹಿಗಳ ವಿಷಯವೂ ತನಿಖೆ ಮಾಡಿದವರ ಮುಂದೆ ಬಂದಿರಲೇಬೇಕು ಎಂದು ನನ್ನ ಊಹೆ.